ಬೆಳಿಗ್ಗೆ ಹೊತ್ತು ಆನ್ ಆಗದ ಹಳೇ ಡೆಸ್ಕ್‌ಟಾಪ್: ಎಸ್‌ಎಂಪಿಎಸ್ಸಾ, ಮದರ್‌ಬೋರ್ಡಾ, ಅಂಗಡಿ ವೈರಿಂಗಾ?

ಪತ್ರಿಕೆ ಪ್ರಿಂಟ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹಳೇಪೇಟೆ ಕಡೆ ನಂದೊಂದು ಸಣ್ಣ ಡಿಟಿಪಿ ಅಂಗಡಿ ಐತಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಾಂಡ್ ಪೇಪರ್ ಟೈಪಿಂಗು, ಇವೇ ಕೆಲಸ. 2009ರಾಗೆ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್: ಕೋರ್ 2 ಡ್ಯುಯೊ, ಜಿ31 ಬೋರ್ಡು, ಡಿಡಿಆರ್2 ರ‍್ಯಾಮ್ 2 ಜಿಬಿ, ವಿಂಡೋಸ್ 7. ಇಷ್ಟು ವರ್ಷ ಒಂದು ದಿನಾನೂ ಕೈ ಕೊಟ್ಟಿರಲಿಲ್ಲ.

ಈಗ ಸುಮಾರು ದಿನದಿಂದ ಕಾಟ ಶುರುವಾಗೈತಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಬಟನ್ ಒತ್ತಿದ್ರೆ ಸಿಪಿಯು ಫ್ಯಾನು ಅರ್ಧ ಸುತ್ತು ತಿರುಗಿ ನಿಂತು ಬಿಡ್ತತಿ. ಬೀಪ್ ಇಲ್ಲ, ಮಾನಿಟರ್‌ನಾಗೆ ಏನೂ ಬರಲ್ಲ. ಒತ್ತೋದು, ಬಿಡೋದು, ಒತ್ತೋದು. ಅರ್ಧ ಗಂಟೆ ಹಂಗೆ ಬಿಟ್ಟು ಆಮೇಲೆ ಒತ್ತಿದ್ರೆ ಆನ್ ಆಗ್ತತಿ. ಆನ್ ಆದ ಮೇಲೆ ಸಂಜೆ ತನಕ ನಡೀತತಿ, ಆದ್ರೆ ಕರೆಂಟ್ ಹೋಗಿ ಯುಪಿಎಸ್‌ಗೆ ಬಂದಾಗ ಒಂದೊಂದ್ಸಲ ರೀಸ್ಟಾರ್ಟ್. ಲೇಸರ್ ಪ್ರಿಂಟರ್‌ಗೆ ಪ್ರಿಂಟ್ ಕೊಟ್ಟಾಗ್ಲೂ ಒಂದೆರಡು ಸಲ ಹಿಂಗಾತು. ಇನ್ನೊಂದು, ಬರಿಗಾಲಾಗೆ ಇದ್ದು ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅಂತತಿ.

ರಿಪೇರಿ ಅಂಗಡಿಯವರು ಬಂದು ನೋಡಿ, ಕವರ್ ಕೂಡ ಬಿಚ್ಚದೆ, "ಮದರ್‌ಬೋರ್ಡ್ ಹೋಗೈತಿ, ಈ ಬೋರ್ಡ್ ಈಗ ಸಿಗಲ್ಲ, ಹೊಸ ಸಿಸ್ಟಮ್ ಹಾಕ್ಸಿ" ಅಂದ್ರು. ಹೊಸದು ತಗೊಳ್ಳೋಕೆ ಆಗಲ್ಲ ಅಂತಲ್ಲ. ಇದರಾಗೆ ಪುಟ ಜೋಡಿಸೋ ಪೇಜ್‌ಮೇಕರ್ ಐತಿ, ಕನ್ನಡ ಟೈಪಿಂಗಿನ ನುಡಿ ಐತಿ, ಹದಿನೈದು ವರ್ಷದ ಪತ್ರಿಕೆಗಳ ಮ್ಯಾಟರ್ ಐತಿ. ಅಣ್ಣನ ಮದುವೆಗೆ ಮಾಡಿಸಿದವರು ತಮ್ಮನ ಮದುವೆಗೂ ಬಂದು "ಅದೇ ಥರ ಮಾಡಿಕೊಡ್ರಿ" ಅಂತಾರೆ. ಲಗ್ನದ ಸೀಸನ್ ಬೇರೆ. ಏನು ಮಾಡ್ಲಿ ಹೇಳ್ರಿ.

ಎಸ್‌ಎಸ್‌ಡಿ ಪ್ರೇಮಿ

ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರ್‌ನಾಗೆ ಉಜ್ಜಿ ಹಾಕ್ರಿ. ನೂರಕ್ಕೆ ತೊಂಬತ್ತು ಅದೇ.

ದುರ್ಗದ ಕಲ್ಲು, ಚಿತ್ರದುರ್ಗ

ಎಲ್ಲದಕ್ಕೂ ರಬ್ಬರ್ ಹಿಡ್ಕೊಂಡು ಬರಬೇಡ ಮಾರಾಯ. ರ‍್ಯಾಮ್ ಹೋದ್ರೆ ಫ್ಯಾನ್ ತಿರುಗ್ತಾನೇ ಇರುತ್ತೆ, ಸ್ಪೀಕರ್ ಇದ್ರೆ ಬೀಪ್ ಹೊಡೆಯುತ್ತೆ, ಡಿಸ್‌ಪ್ಲೇ ಮಾತ್ರ ಬರಲ್ಲ. ಇಲ್ಲಿ ಫ್ಯಾನೇ ನಿಲ್ತೈತೆ ಅಂದ್ಮೇಲೆ ಕರೆಂಟೇ ಸರಿಯಾಗಿ ಸಿಗ್ತಿಲ್ಲ, ಇಲ್ಲಾ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ (ಗೋಡೆ ಕರೆಂಟನ್ನ ಬೋರ್ಡಿಗೆ ಬೇಕಾದಂಗೆ ಮಾಡಿಕೊಡೋ ಡಬ್ಬಿ) ತನ್ನಷ್ಟಕ್ಕೆ ತಾನು ಆಫ್ ಆಗ್ತೈತೆ.

ಅಣ್ಣ, ಮೊದಲು ಕ್ಯಾಬಿನೆಟ್ ಮುಂದಿನ ಪವರ್ ಬಟನ್ ನೋಡು. ಹಳೇ ಕ್ಯಾಬಿನೆಟ್‌ನಲ್ಲಿ ಅದು ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ. ಬಟನ್ ಒತ್ತಿದಂಗೇ ಉಳಿದ್ರೆ 4 ಸೆಕೆಂಡಿಗೆ ಸಿಸ್ಟಮ್ ತಾನೇ ಆಫ್ ಆಗುತ್ತೆ. ಬೋರ್ಡಿನ ಮೇಲೆ ಬಟನ್ ವೈರು ಕೂರೋ ಎರಡು ಪಿನ್ ಇರ್ತಾವೆ. ಆ ವೈರ್ ಕಿತ್ತು ಸ್ಕ್ರೂಡ್ರೈವರ್ ತುದಿಯಿಂದ ಎರಡೂ ಪಿನ್ ಒಂದು ಕ್ಷಣ ಮುಟ್ಟಿಸು. ಹಂಗೆ ಆನ್ ಆಗಿ ನಿಂತ್ರೆ ಬಟನ್ನಿಂದೇ ತಪ್ಪು.

ಟ್ಯಾಲಿ ಅಕ್ಕ, ದಾವಣಗೆರೆ

ಬಟನ್ನು, ರ‍್ಯಾಮು ಆಮೇಲೆ ನೋಡ್ಕೊಳ್ರಿ. ಮುಂದಿನ ಸಲ ಆನ್ ಆದ ತಕ್ಷಣ ಮೊದಲ ಕೆಲಸ ಬ್ಯಾಕಪ್. ಕರೆಂಟ್ ಏರುಪೇರಾಗಿ ಪದೇ ಪದೇ ರೀಸ್ಟಾರ್ಟ್ ಆಗೋ ಸಿಸ್ಟಮ್‌ನಾಗೆ ಹಾರ್ಡ್ ಡಿಸ್ಕ್ ಬಹಳ ದಿನ ಬಾಳಲ್ಲ. ಬರೀತಾ ಇರೋವಾಗ ಪವರ್ ಹೋದ್ರೆ ಫೈಲೇ ಕೆಡ್ತತಿ. ನಾನು ಎಪಿಎಂಸಿ ವರ್ತಕರ ಲೆಕ್ಕ ಬರೀತೀನಿ. ಮಾರ್ಚ್ ಕೊನೇ ವಾರದಾಗೆ ಒಬ್ಬರ ಟ್ಯಾಲಿ ಡೇಟಾ ಫೋಲ್ಡರ್ ಹಿಂಗೇ ಕೆಟ್ಟು, ಬಿಲ್ ಪುಸ್ತಕ ಮುಂದಿಟ್ಕೊಂಡು ವರ್ಷದ ಲೆಕ್ಕ ಮತ್ತೆ ಹೊಡೆದ್ವಿ. ಆ ಸಂಕಟ ಯಾರಿಗೂ ಬ್ಯಾಡ.

ಸಿಸ್ಟಮ್ ಆನೇ ಆಗದಿದ್ರೂ ಡೇಟಾ ಎಲ್ಲಿಗೂ ಹೋಗಿರಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಬರೋ ಕೇಬಲ್ ಹಾಕಿ ಇನ್ನೊಂದು ಕಂಪ್ಯೂಟರ್‌ನಾಗೆ ಓದಬಹುದು. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ ಕೇಬಲ್ ಜೊತಿ 12 ವೋಲ್ಟಿನ ಅಡಾಪ್ಟರ್ ಇರೋದನ್ನೇ ತಗೊಳ್ರಿ. ಬರೀ ಯುಎಸ್‌ಬಿ ಪವರಿಗೆ ಅದು ತಿರುಗಲ್ಲ.

ಸಾಲ್ಡರಿಂಗ್ ಸ್ಟೇಷನ್, ದಾವಣಗೆರೆ

ಅಕ್ಕ ಹೇಳಿದ್ದು ಮೊದಲು ಮಾಡ್ರಿ. ಆಮೇಲೆ ಇದನ್ನ ಓದ್ರಿ.

"ತಣ್ಣಗಿದ್ದಾಗ ಆನ್ ಆಗಲ್ಲ, ಬಿಟ್ಟು ಒತ್ತಿದ್ರೆ ಆಗ್ತತಿ, ಆದ ಮೇಲೆ ಸಂಜೆ ತನಕ ಓಡ್ತತಿ." ಈ ಲಕ್ಷಣ ಕೇಳಿದ ತಕ್ಷಣ ನಾನು ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ (ಕರೆಂಟ್ ತುಂಬಿಟ್ಕೊಂಡು ಬಿಡೋ ಸಣ್ಣ ಬಿಡಿಭಾಗ) ಅಂತೀನಿ. ಈ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಳಗೆ ದ್ರವ ಇರ್ತತಿ. ವರ್ಷಗಟ್ಟಲೆ ಬಿಸಿಯಾಗೆ ಕೂತು ಅದು ಒಣಗ್ತತಿ, ಒಣಗಿದಂಗೆ ಒಳಗಿನ ರೆಸಿಸ್ಟೆನ್ಸ್ ಏರ್ತತಿ. ತಣ್ಣಗಿದ್ದಾಗ ಇನ್ನೂ ಜಾಸ್ತಿ, ಸ್ವಲ್ಪ ಬೆಚ್ಚಗಾದ್ರೆ ಕಡಿಮೆ. ಅದಕ್ಕೇ ಬೆಳಿಗ್ಗೆ ಹಠ, ಅರ್ಧ ಗಂಟೆ ಆದ ಮೇಲೆ ಸಲೀಸು.

ಕಂಪ್ಯೂಟರ್ ಆಫ್ ಇದ್ರೂ, ಗೋಡೆ ಸ್ವಿಚ್ ಆನ್ ಇರೋವರೆಗೆ ಎಸ್‌ಎಂಪಿಎಸ್ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡ್ತಾನೇ ಇರ್ತತಿ. ನೇರಳೆ ವೈರು. ನೀವು ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗೋದೇ ಆ 5 ವೋಲ್ಟಿಂದ. ಇಡೀ ಎಸ್‌ಎಂಪಿಎಸ್‌ನಾಗೆ ರಾತ್ರಿ ಹಗಲು ದುಡಿಯೋ ಭಾಗ ಅದೊಂದೇ, ಆದ್ರಿಂದ ಎಷ್ಟೋ ಸಲ ಮೊದಲು ಸೋಲೋದೂ ಅದೇ.

ಒಂದು ಪ್ರಶ್ನೆ. ರಾತ್ರಿ ಅಂಗಡಿ ಮುಚ್ಚೋವಾಗ ಮೇನ್ ಆಫ್ ಮಾಡ್ತೀರಾ?

ಪತ್ರಿಕೆ ಪ್ರಿಂಟ್, ದಾವಣಗೆರೆ

ಹೌದಣ್ಣ, ಮೇನೇ ಆಫ್. ಎದುರಿನ ಸಾಲಿನಾಗೆ ಹಿಂದೆ ಒಂದು ಅಂಗಡಿ ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟಿತ್ತು. ಆವಾಗಿಂದ ನಮ್ಮ ತಂದೆಯವರು ಮೇನ್ ಇಳಿಸದೆ ಬೀಗ ಹಾಕೋಕೆ ಬಿಡಲ್ಲ.

ಬ್ಯಾಕಪ್ ಇವತ್ತೇ ತಗೊಂಡೆ ಅಕ್ಕ. ಎಕ್ಸ್‌ಟರ್ನಲ್ ಡಿಸ್ಕಿಗೆ ಒಂದು, ಮನೆ ಲ್ಯಾಪ್‌ಟಾಪಿಗೆ ಒಂದು. ಬಟನ್ ವೈರ್ ಕಿತ್ತು ಸ್ಕ್ರೂಡ್ರೈವರ್ ಮುಟ್ಟಿಸಿ ನೋಡಿದೆ, ಅದೇ ಅರ್ಧ ಸುತ್ತು. ಬಟನ್ ಸರಿ ಐತಿ.

ಸಾಲ್ಡರಿಂಗ್ ಸ್ಟೇಷನ್, ದಾವಣಗೆರೆ

ಹಂಗಾದ್ರೆ ಪರೀಕ್ಷೆ ಸುಲಭ. ಅಂಗಡಿಯಾಗೇ ಮಲಗೋ ದಿನ, ಇಲ್ಲಾ ಭಾನುವಾರ ಹಗಲು, ಮೇನ್ ಆನ್ ಇಟ್ಟು ಕಂಪ್ಯೂಟರ್ ಮಾತ್ರ ಶಟ್‌ಡೌನ್ ಮಾಡಿ ಏಳೆಂಟು ಗಂಟೆ ಬಿಡ್ರಿ. ಆಮೇಲೆ ಮೊದಲ ಒತ್ತಿಗೇ ಆನ್ ಆದ್ರೆ ಸ್ಟ್ಯಾಂಡ್‌ಬೈ ಕಡೆಯ ಕೆಪಾಸಿಟರೇ ಅಂತ ಮುಕ್ಕಾಲು ಪಾಲು ಖಾತ್ರಿ.

ವೈರಿಂಗ್ ಕೆಲಸ, ಹೊಳಲ್ಕೆರೆ

ಎಲ್ಲರೂ ಡಬ್ಬಿ ಒಳಗೇ ನೋಡ್ತಿದ್ದೀರಿ. ಅವರು ಬರೆದಿರೋ ಕೊನೇ ಮಾತು ಯಾರೂ ಹಿಡೀಲಿಲ್ವಲ್ಲ? ಕ್ಯಾಬಿನೆಟ್ ಜುಮ್ ಅಂತೈತೆ ಅಂದ್ರೆ ಆ ಪಾಯಿಂಟಿಗೆ ಅರ್ತಿಂಗ್ ಇಲ್ಲ. ಮೊದಲು ಗೋಡೆ ಸರಿ ಮಾಡಿ, ಆಮೇಲೆ ಕಂಪ್ಯೂಟರ್.

ಎಸ್‌ಎಸ್‌ಡಿ ಪ್ರೇಮಿ

ಎಲ್ಲಾ ಕಂಪ್ಯೂಟರ್ ಕ್ಯಾಬಿನೆಟ್ಟೂ ಸ್ವಲ್ಪ ಜುಮ್ ಅನ್ನುತ್ತೆ ಸರ್. ಅದು ನಾರ್ಮಲ್.

ವೈರಿಂಗ್ ಕೆಲಸ, ಹೊಳಲ್ಕೆರೆ

ನಾರ್ಮಲ್ ಅಲ್ಲ ತಮ್ಮ. ಎಲ್ಲಾ ಕಡೆ ಅರ್ತಿಂಗ್ ಇಲ್ಲದೆ ಎಲ್ಲರಿಗೂ ಅಭ್ಯಾಸ ಆಗೈತೆ, ಅಷ್ಟೇ.

ಲ್ಯಾಬ್ ಮೇಷ್ಟ್ರು, ದಾವಣಗೆರೆ

ವೈರಿಂಗ್‌ನವರು ಹೇಳಿದ್ದು ಸರಿ. ಕಾರಣ ಹೇಳ್ತೀನಿ. ಎಸ್‌ಎಂಪಿಎಸ್ ಬಾಯಲ್ಲೇ ಒಂದು ಫಿಲ್ಟರ್ ಇರುತ್ತೆ. ಅದರಲ್ಲಿ ಫೇಸ್‌ನಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್, ನ್ಯೂಟ್ರಲ್‌ನಿಂದ ಬಾಡಿಗೆ ಇನ್ನೊಂದು. ಅರ್ತ್ ಸರಿ ಇದ್ದರೆ ಆ ಚೂರು ಲೀಕೇಜ್ ಭೂಮಿಗೆ ಹೋಗುತ್ತೆ. ಅರ್ತ್ ಇಲ್ಲದಿದ್ದರೆ ಬಾಡಿ ಎರಡರ ನಡುವೆ ತೇಲ್ತಾ 230ರ ಅರ್ಧ, ಅಂದರೆ 115 ವೋಲ್ಟ್ ಸುತ್ತಮುತ್ತ ನಿಲ್ಲುತ್ತೆ. ಕರೆಂಟ್ ಬಹಳ ಕಡಿಮೆ, ಅದಕ್ಕೆ ಜುಮ್ ಅಂದು ಸುಮ್ಮನಾಗುತ್ತೆ. ಆದರೆ ಒಳಗೆ ಎಲ್ಲಾದರೂ ಫೇಸ್ ವೈರೇ ಬಾಡಿಗೆ ತಾಗಿದ ದಿನ ಅದು ಜುಮ್ ಅಲ್ಲ, ಜೀವಕ್ಕೆ ಅಪಾಯ. ಅವತ್ತು ಫ್ಯೂಸ್ ಹಾರಿಸಬೇಕಾದ ದಾರಿಯೇ ಇರೋದಿಲ್ಲ.

ಪ್ರಿಂಟರ್ ಯುಎಸ್‌ಬಿ ಕೇಬಲ್, ಮಾನಿಟರ್ ಕೇಬಲ್ ಚುಚ್ಚೋವಾಗ ಕಿಡಿ ಕಂಡಿದ್ದರೆ ಅದೂ ಇದೇ. ಪೋರ್ಟ್ ಸುಡೋದು ಹೀಗೇ. ನಮ್ಮ ಲ್ಯಾಬಿನಲ್ಲಿ ಒಂದು ಸಾಲಿನ ಸಿಸ್ಟಮ್‌ಗಳ ನೆಟ್‌ವರ್ಕ್ ಪೋರ್ಟು ಪದೇ ಪದೇ ಹೋಗ್ತಿತ್ತು. ಆ ಸಾಲಿನ ಅರ್ತ್ ವೈರು ಬೋರ್ಡ್ ಹಿಂದೆ ಕತ್ತರಿಸಿ ಬಿದ್ದಿತ್ತು.

ದುರ್ಗದ ಕಲ್ಲು, ಚಿತ್ರದುರ್ಗ

ಒಪ್ಪಿದೆ ಮೇಷ್ಟ್ರೇ. ಆದ್ರೆ ಅರ್ತ್ ಇಲ್ಲ ಅಂತ ಸಿಸ್ಟಮ್ ಬೆಳಿಗ್ಗೆ ಮಾತ್ರ ಆನ್ ಆಗದೆ ಇರುತ್ತಾ? ಅರ್ತ್ ಇಲ್ಲದ ಮನೆಗಳಲ್ಲಿ ಸಾವಿರ ಕಂಪ್ಯೂಟರ್ ಓಡ್ತಾವೆ. ಅದು ಬೇರೆ ರೋಗ, ಇದು ಬೇರೆ ರೋಗ.

ವೈರಿಂಗ್ ಕೆಲಸ, ಹೊಳಲ್ಕೆರೆ

ಬೇರೆ ಇರಬಹುದು. ಆದ್ರೆ ನ್ಯೂಟ್ರಲ್ ಲೂಸ್ ಇದ್ರೆ? ಮೂರು ಫೇಸ್ ಬಿಲ್ಡಿಂಗಿನಲ್ಲಿ ನ್ಯೂಟ್ರಲ್ ಕಿತ್ತುಹೋದ್ರೆ ಒಂದು ಅಂಗಡಿಗೆ 150, ಪಕ್ಕದ ಅಂಗಡಿಗೆ 300ರ ಮೇಲೆ ಹೋಗುತ್ತೆ. ಟಿವಿ, ಫ್ರಿಜ್, ಎಸ್‌ಎಂಪಿಎಸ್ ಎಲ್ಲಾ ಒಂದೇ ಏಟಿಗೆ ಹೋಗಿದ್ದು ನೋಡಿದೀನಿ. ಅದಕ್ಕೇ ಅಂದಿದ್ದು, ಗೋಡೆಯಿಂದ ಶುರು ಮಾಡಿ.

ಅಣ್ಣಾರೆ, ಹಿಂಗೆ ಮಾಡ್ಸಿ. ನಿಮ್ಮ ಕಡೆ ಎಲೆಕ್ಟ್ರಿಷಿಯನ್‌ಗೆ ಹೋಲ್ಡರ್‌ಗೆ 100 ವ್ಯಾಟ್ ಬಲ್ಬ್ ಹಾಕ್ಕೊಂಡು ಬರೋಕೆ ಹೇಳಿ. ಫೇಸ್‌ಗೂ ನ್ಯೂಟ್ರಲ್‌ಗೂ ಹಿಡಿದಾಗ ಎಷ್ಟು ಉರಿಯುತ್ತೋ ಫೇಸ್‌ಗೂ ಅರ್ತ್‌ಗೂ ಹಿಡಿದಾಗ್ಲೂ ಅಷ್ಟೇ ಉರೀಬೇಕು. ಮಂಕಾದ್ರೆ ಅರ್ತ್ ಸಾಲದು, ಹತ್ತದೇ ಇದ್ರೆ ಅರ್ತ್ ಇಲ್ಲವೇ ಇಲ್ಲ. ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಲೈನ್ ಕಡಿಯೋ ಸ್ವಿಚ್) ಹಾಕಿಸಿದ್ರೆ ಈ ಪರೀಕ್ಷೆಗೆ ಅದು ಟ್ರಿಪ್ ಆಗುತ್ತೆ, ಗಾಬರಿ ಬೇಡ. ಟೆಸ್ಟರ್ ದೀಪ ನಂಬಬೇಡಿ, ಅದು ಫೇಸ್ ಎಲ್ಲಿದೆ ಅಂತ ಹೇಳುತ್ತೆ, ಅರ್ತ್ ಗಟ್ಟಿ ಇದೆಯಾ ಅಂತ ಹೇಳಲ್ಲ. ನೀವೇ ಕೈ ಹಾಕೋಕೆ ಹೋಗಬೇಡಿ.

ಚಳ್ಳಕೆರೆ ಗಾಣ

ಅರ್ತಿಂಗ್ ಮಾತು ಬಂತು ಅಂತ ಕೇಳ್ತೀನಿ. ನಮ್ಮ ಕಡೆ ಎಣ್ಣೆ ಮಿಲ್ಲಿನಲ್ಲಿ ಬೇಸಿಗೆ ಬಂದ್ರೆ ಸಾಕು, ಅರ್ತ್ ಗುಂಡಿಗೆ ದಿನಾ ನೀರು ಹಾಕಿಸ್ತಾರೆ. ನಿಜವಾಗ್ಲೂ ಕೆಲಸ ಮಾಡುತ್ತಾ, ಸುಮ್ನೆ ಪದ್ಧತಿಯಾ?

ವೈರಿಂಗ್ ಕೆಲಸ, ಹೊಳಲ್ಕೆರೆ

ಮಾಡುತ್ತೆ. ಒಣಗಿದ ಮಣ್ಣು ಕರೆಂಟ್ ಒಯ್ಯಲ್ಲ. ಇದ್ದಿಲು, ಉಪ್ಪು ತುಂಬೋದು ತೇವ ಹಿಡಿದಿಡೋಕೆ. ನಮ್ಮ ಜಿಲ್ಲೆಯಲ್ಲಿ ಮಳೆನೂ ಕಮ್ಮಿ, ಮೂರಡಿ ಅಗೆದ್ರೆ ಬಂಡೆ. ದುರ್ಗದಲ್ಲಿ ಕೋಟೆ ಬುಡದ ಮನೆಗಳಿಗೆ ಅರ್ತ್ ಹೊಡೆಯೋದು ಅಂದ್ರೆ ಕಲ್ಲಿನ ಜೊತೆ ಕುಸ್ತಿ. ಒಂದು ಪೈಪ್ ಸಾಲದೆ, ದೂರ ದೂರ ಎರಡು ಮೂರು ಇಳಿಸಿ ಜೋಡಿಸ್ತೀವಿ. ಉಪ್ಪು ಜಾಸ್ತಿ ಸುರಿದ್ರೆ ಪೈಪೇ ತುಕ್ಕು ಹಿಡಿದು ಹೋಗುತ್ತೆ, ಅದನ್ನೂ ಜ್ಞಾಪಕ ಇಟ್ಕೊಳ್ಳಿ.

ಮಂಡಕ್ಕಿ ಭಟ್ಟಿ, ದಾವಣಗೆರೆ

ನಮ್ಮ ಮನೆ ಭಟ್ಟಿ ಏರಿಯಾದಾಗೆ. ಇಲ್ಲಿ ಕಂಪ್ಯೂಟರ್ ಬಿಚ್ಚಿದ್ರೆ ಧೂಳಲ್ಲ, ಕರೀ ಮಸಿ. ಭತ್ತದ ಹೊಟ್ಟು ಸುಟ್ಟ ಹೊಗೆ ಹೀಟ್‌ಸಿಂಕ್ ಸಂದಿಯಾಗೆ ಕೂತು ಎಣ್ಣೆ ಥರ ಅಂಟ್ಕೊಂಡಿರ್ತತಿ. ನಮ್ಮ ಸಿಸ್ಟಮ್ ಬಿಸಿಯಾಗಿ ತಾನೇ ಆಫ್ ಆಗ್ತಿತ್ತು. ಫ್ಯಾನ್ ತೊಳೆದು, ಥರ್ಮಲ್ ಪೇಸ್ಟ್ ಹೊಸದು ಹಾಕಿದ್ಮೇಲೆ ಸರಿ ಹೋತು. ನಿಮ್ದೂ ಒಳಗೆ ಬಿಚ್ಚಿ ನೋಡ್ರಿ, ಹಳೇಪೇಟೆ ಅಂದ್ರೆ ರಸ್ತೆ ಧೂಳೇನು ಕಡಿಮಿ ಇಲ್ಲ.

ಸಾಲ್ಡರಿಂಗ್ ಸ್ಟೇಷನ್, ದಾವಣಗೆರೆ

ನಿಮ್ದು ಬಿಸಿ ಆದ ಮೇಲೆ ಆಫ್ ಆಗ್ತಿತ್ತು, ಇವರದ್ದು ಬಿಸಿ ಆದ ಮೇಲೆ ಆನ್ ಆಗ್ತತಿ. ಎರಡೂ ಉಲ್ಟಾ. ಆದ್ರೂ ಧೂಳು ತೆಗಿಯೋದು ಒಳ್ಳೇದೇ. ಬ್ಲೋವರ್ ಹಿಡಿಯೋವಾಗ ಫ್ಯಾನ್ ರೆಕ್ಕೆ ಬೆರಳಿಂದ ಹಿಡ್ಕೊಂಡು ಊದ್ರಿ.

ಐದನೇ ಸೆಮ್, ದಾವಣಗೆರೆ

ಪೇಪರ್ ಕ್ಲಿಪ್ ಟೆಸ್ಟ್ ಮಾಡಿ ಅಂಕಲ್! 24 ಪಿನ್ ಕನೆಕ್ಟರ್ ಬೋರ್ಡಿಂದ ತೆಗೆದು ಹಸಿರು ವೈರಿಗೂ ಕಪ್ಪು ವೈರಿಗೂ ಕ್ಲಿಪ್ ಹಾಕಿದ್ರೆ ಎಸ್‌ಎಂಪಿಎಸ್ ಆನ್ ಆಗುತ್ತೆ. ಫ್ಯಾನ್ ತಿರುಗಿದ್ರೆ ಎಸ್‌ಎಂಪಿಎಸ್ ಓಕೆ, ಬೋರ್ಡ್ ಡೆಡ್.

ಸಾಲ್ಡರಿಂಗ್ ಸ್ಟೇಷನ್, ದಾವಣಗೆರೆ

ಅರ್ಧ ಸರಿ ತಮ್ಮಾ. ತಿರುಗದಿದ್ರೆ ಎಸ್‌ಎಂಪಿಎಸ್ ಹೋಗೈತಿ ಅನ್ನಬಹುದು. ತಿರುಗಿದ್ರೆ ಓಕೆ ಅನ್ನೋಕೆ ಬರಲ್ಲ. ಖಾಲಿ ಗಾಡಿ ಎಳೆಯೋ ಎತ್ತು ಮಂಡಿಪೇಟೆ ಮೂಟೆ ಹೇರಿದ ಮೇಲೂ ಎಳೀತತಿ ಅಂತ ಏನು ಗ್ಯಾರಂಟಿ? ಲೋಡ್ ಇಲ್ಲದಾಗ ಫ್ಯಾನ್ ತಿರುಗಿಸೋಕೆ ಏನೂ ಬೇಕಾಗಿಲ್ಲ. ಲೋಡ್ ಬಿದ್ದಾಗ ವೋಲ್ಟೇಜ್ ನಿಲ್ತತಾ ಅನ್ನೋದೇ ಪ್ರಶ್ನೆ.

ಅದಕ್ಕೆ ಮಲ್ಟಿಮೀಟರ್ ಬೇಕು. ಕನೆಕ್ಟರ್ ಬೋರ್ಡಿಗೆ ಹಾಕಿದಂಗೇ ಇರಲಿ. ಮೀಟರನ್ನ ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿಯನ್ನ ಕನೆಕ್ಟರ್ ಹಿಂಭಾಗದಿಂದ ವೈರ್ ಪಕ್ಕ ಇಳಿಸಿ. ನೇರಳೆ 5 ವೋಲ್ಟ್, ಕೆಂಪು 5, ಹಳದಿ 12, ಕಿತ್ತಳೆ 3.3. ಶೇಕಡಾ 5 ಹೆಚ್ಚು ಕಡಿಮೆ ನಡೀತತಿ: 5 ಅಂದ್ರೆ 4.75ರಿಂದ 5.25, 12 ಅಂದ್ರೆ 11.4ರಿಂದ 12.6. ಬೂದು ವೈರು ಬೇರೆ ಕಥೆ. ಎಲ್ಲಾ ವೋಲ್ಟೇಜ್ ನೆಟ್ಟಗೆ ನಿಂತ ಮೇಲೆ ಎಸ್‌ಎಂಪಿಎಸ್ ಆ ವೈರಿನಾಗೆ ಬೋರ್ಡಿಗೆ "ಇನ್ನು ಶುರು ಮಾಡು" ಅಂತ 5 ವೋಲ್ಟ್ ಕಳಿಸ್ತತಿ. ಅದು ಬರದಿದ್ರೆ ಬೋರ್ಡ್ ಹೆಜ್ಜೆ ಮುಂದಿಡಲ್ಲ.

ಬೆಳಿಗ್ಗೆ ಮೇನ್ ಎತ್ತಿದ ತಕ್ಷಣ, ಬಟನ್ ಒತ್ತೋಕೆ ಮುಂಚೆ, ನೇರಳೆ ವೈರ್ ನೋಡ್ರಿ. ಅದೇ ಮುಖ್ಯ.

ಪತ್ರಿಕೆ ಪ್ರಿಂಟ್, ದಾವಣಗೆರೆ

ಸುದ್ದಿ ಹೇಳ್ತೀನಿ. ಭಾನುವಾರ ಮೇನ್ ಆನ್ ಇಟ್ಟು ಅಂಗಡಿಯಾಗೇ ಕೂತು ಕಾರ್ಡ್ ಮಡಚೋ ಕೆಲಸ ಮಾಡಿದೆ. ಸಂಜೆ ಬಟನ್ ಒತ್ತಿದ್ರೆ ಮೊದಲ ಒತ್ತಿಗೇ ಆನ್!

ಸೋಮವಾರ ಬೆಳಿಗ್ಗೆ ಪಕ್ಕದ ಮೊಬೈಲ್ ಅಂಗಡಿ ಹುಡುಗ ಮೀಟರ್ ತಂದ. ಮೇನ್ ಎತ್ತಿದ ತಕ್ಷಣ ನೇರಳೆ ವೈರಿನಾಗೆ 4.2, ಅದೂ ನಿಲ್ಲಲ್ಲ, ಕುಣೀತತಿ. ಹತ್ತು ನಿಮಿಷ ಆದ ಮೇಲೆ 4.5. ಅರ್ಧ ಗಂಟೆಗೆ 4.8 ಬಂದು ನಿಂತು, ಆಗ ಬಟನ್ ಒತ್ತಿದ್ರೆ ಆನ್ ಆತು. ಅಣ್ಣ, ನೀವು ಅಂದಂಗೇ ಆತು.

ಎಲೆಕ್ಟ್ರಿಷಿಯನ್ನೂ ಬಂದಿದ್ರು. ಬಲ್ಬ್ ಅರ್ತ್‌ಗೆ ಹಿಡಿದ್ರೆ ಹತ್ತಲೇ ಇಲ್ಲ. ಬೋರ್ಡ್ ಬಿಚ್ಚಿ ನೋಡಿದ್ರೆ ಮೂರು ಪಿನ್ ಸಾಕೆಟಿನ ಮೇಲಿನ ದೊಡ್ಡ ತೂತಿಗೆ ವೈರೇ ಹಾಕಿಲ್ಲ. ಬಿಲ್ಡಿಂಗ್ ಕಟ್ಟಿದಾಗಿಂದ ಹಂಗೇ ಐತಿ.

ವೈರಿಂಗ್ ಕೆಲಸ, ಹೊಳಲ್ಕೆರೆ

ನೋಡಿದ್ರಾ. ಮೀಟರ್ ಬೋರ್ಡಿನಿಂದ ಹಸಿರು ವೈರ್ ಎಳೆಸಿ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿ "ಆಯ್ತು" ಅನ್ನೋರೂ ಇದ್ದಾರೆ, ಯಾವ ಕಾರಣಕ್ಕೂ ಬಿಡಬೇಡಿ. ನ್ಯೂಟ್ರಲ್ ಕಿತ್ತ ದಿನ ಕ್ಯಾಬಿನೆಟ್ ಪೂರ್ತಿ 230 ವೋಲ್ಟ್ ಆಗುತ್ತೆ. ಕೆಲಸ ಮುಗಿದ ಮೇಲೆ ನ್ಯೂಟ್ರಲ್‌ಗೂ ಅರ್ತ್‌ಗೂ ಮೀಟರ್ ಹಿಡಿಸಿ, ಎರಡು ಮೂರು ವೋಲ್ಟ್ ಒಳಗೆ ಇದ್ರೆ ಒಳ್ಳೇದು.

ಕಂಬದಿಂದ ಬರೋ ಕಡೆ ಲೂಸ್ ಅನ್ನಿಸಿದ್ರೆ ನೀವು ಹತ್ತಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಎಸ್‌ಎಸ್‌ಡಿ ಪ್ರೇಮಿ

ಇಷ್ಟೆಲ್ಲ ಯಾಕೆ? ಹಳೇ ಸಿಸ್ಟಮ್‌ಗೆ ಹಣ ಸುರಿಯೋ ಬದ್ಲು ಸೆಕೆಂಡ್ ಹ್ಯಾಂಡ್‌ನಲ್ಲಿ ಕಂಪನಿ ಡೆಸ್ಕ್‌ಟಾಪ್ ಸಿಗ್ತಾವೆ, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದ್ಲು ಹಾಕೋ ವೇಗದ ಡಿಸ್ಕ್) ಹಾಕಿದ್ರೆ ರಾಕೆಟ್. ವಿಂಡೋಸ್ 7ಗೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತೋಗಿದೆ. ಮ್ಯಾಟರನ್ನ ಯೂನಿಕೋಡ್‌ಗೆ (ಈಗ ಎಲ್ಲಾ ಕಡೆ ನಡೆಯೋ ಅಕ್ಷರ ಪದ್ಧತಿ) ಕನ್ವರ್ಟ್ ಮಾಡ್ಕೊಂಡು ಮುಂದೆ ಹೋಗ್ಲಿ.

ಟ್ಯಾಲಿ ಅಕ್ಕ, ದಾವಣಗೆರೆ

ಪೇಜ್‌ಮೇಕರ್‌ನಾಗೆ ಯೂನಿಕೋಡ್ ಕನ್ನಡ ಕೂರಲ್ಲಪ್ಪ. ಪೇಜ್‌ಮೇಕರ್ 7 ಬಂದಿದ್ದು 2001ರಾಗೆ, ಆಮೇಲೆ ಅಡೋಬಿಯವರು ಅದನ್ನ ಅಲ್ಲಿಗೇ ಬಿಟ್ರು. ಇವರ ಫೈಲೆಲ್ಲ ನುಡಿಯ ಹಳೇ ಆಸ್ಕಿ ಫಾಂಟಿನಾಗೆ. ಅಕ್ಷರ ಕನ್ವರ್ಟ್ ಮಾಡೋಕೆ ದಾರಿ ಅದಾವೆ, ಆದ್ರೆ ಪತ್ರಿಕೆ ಅಂದ್ರೆ ಬರೀ ಅಕ್ಷರ ಅಲ್ಲ. ಗಣಪತಿ ಎಲ್ಲಿರಬೇಕು, "ಸುಖಾಗಮನ ಬಯಸುವವರು" ಕೆಳಗೆ ಇಪ್ಪತ್ತು ಹೆಸರು ಹೆಂಗೆ ಕೂರಬೇಕು, ಅದೆಲ್ಲ ಹೊಸದಾಗಿ ಜೋಡಿಸಬೇಕು. ಲಗ್ನದ ಸೀಸನ್‌ನಾಗೆ ಯಾರು ಮಾಡ್ತಾರೆ? ಒತ್ತಕ್ಷರ ಒಂದು ಆಚೀಚೆ ಆದ್ರೆ ಮನೆ ದೇವರ ಹೆಸರೇ ಕೆಡ್ತತಿ.

ಲ್ಯಾಬ್ ಮೇಷ್ಟ್ರು, ದಾವಣಗೆರೆ

ಇಬ್ಬರ ಮಾತಿನಲ್ಲೂ ಹುರುಳಿದೆ. ಈ ಸೀಸನ್‌ಗೆ ಹಳೆಯದನ್ನೇ ಓಡಿಸಿ, ಇಂಟರ್ನೆಟ್‌ಗೆ ಮಾತ್ರ ಜೋಡಿಸಬೇಡಿ. ಬಿಡುವಾದಾಗ ಹೊಸ ಸಿಸ್ಟಮ್‌ನಲ್ಲಿ ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರಿನಿಂದ ಇನ್ನೊಂದು ಕಂಪ್ಯೂಟರ್) ಮಾಡಿ ಅದರೊಳಗೆ ವಿಂಡೋಸ್ 7, ನುಡಿ, ಪೇಜ್‌ಮೇಕರ್ ಹಾಕಿದರೆ ಹಳೇ ಫೈಲ್ ಇದ್ದ ಹಾಗೇ ತೆರೆಯುತ್ತೆ.

ಈಗ ಪ್ರಿಂಟರ್ ವಿಷಯ. ಯುಪಿಎಸ್ ಎಷ್ಟರದ್ದು? ಲೇಸರ್ ಪ್ರಿಂಟರ್ ಅದಕ್ಕೇ ಚುಚ್ಚಿದ್ದೀರಾ?

ಪತ್ರಿಕೆ ಪ್ರಿಂಟ್, ದಾವಣಗೆರೆ

600 ವಿಎ ಸರ್. ಹೌದು, ಯುಪಿಎಸ್ ಹಿಂದೆ ಜಂಕ್ಷನ್ ಬಾಕ್ಸ್ ಹಾಕಿ ಸಿಪಿಯು, ಮಾನಿಟರ್, ಪ್ರಿಂಟರ್ ಎಲ್ಲಾ ಅದಕ್ಕೇ.

ಲ್ಯಾಬ್ ಮೇಷ್ಟ್ರು, ದಾವಣಗೆರೆ

ಪ್ರಿಂಟರ್ ಇವತ್ತೇ ಅಲ್ಲಿಂದ ತೆಗೆದು ನೇರ ಗೋಡೆಗೆ ಹಾಕಿ. 600 ವಿಎ ಅಂದರೆ ಹೊರೋದು 360 ವ್ಯಾಟ್ ಆಸುಪಾಸು. ಲೇಸರ್ ಪ್ರಿಂಟರ್ ಒಳಗೆ ಪುಡಿಯನ್ನ ಕಾಗದಕ್ಕೆ ಕರಗಿಸಿ ಅಂಟಿಸೋ ಹೀಟರ್ ಇದೆ. ಅದು ಬಿಸಿಯಾಗೋ ಕ್ಷಣಕ್ಕೆ ಎಂಟುನೂರು, ಸಾವಿರ ವ್ಯಾಟ್ ಎಳೆಯೋದೂ ಉಂಟು. ಸಣ್ಣ ಯುಪಿಎಸ್ ಅದನ್ನ ತಡೆಯಲ್ಲ. ಇಂಕ್‌ಜೆಟ್ ಆಗಿದ್ದರೆ ತೊಂದರೆ ಇರಲಿಲ್ಲ.

ಕರೆಂಟ್ ಹೋದಾಗ ರೀಸ್ಟಾರ್ಟ್ ಆಗೋದು ಇನ್ನೊಂದು ಲೆಕ್ಕ. ಗೋಡೆ ಕರೆಂಟಿನಿಂದ ಬ್ಯಾಟರಿಗೆ ಜಿಗಿಯೋಕೆ ಸಣ್ಣ ಯುಪಿಎಸ್‌ಗೆ ಕೆಲವು ಮಿಲಿಸೆಕೆಂಡ್ ಬೇಕು. ಆ ಸಂದಿಯಲ್ಲಿ ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರ್‌ನಲ್ಲಿ ತುಂಬಿಟ್ಟದ್ದರಿಂದ ಬದುಕಬೇಕು. ಆರೋಗ್ಯವಾಗಿರೋದು 16-17 ಮಿಲಿಸೆಕೆಂಡ್ ತಾಳುತ್ತೆ. ಕೆಪಾಸಿಟರ್ ಸೊರಗಿದ್ದರೆ ಅಷ್ಟು ತಾಳಲ್ಲ. ಹಾಗಾಗಿ ಎಸ್‌ಎಂಪಿಎಸ್ ಬದಲಾದರೆ ಇದೂ ಸರಿಹೋಗಬಹುದು. ಯುಪಿಎಸ್ ಬ್ಯಾಟರಿ ಯಾವಾಗ ಬದಲಿಸಿದ್ದು? 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಾಳೋದು ಅಪರೂಪ.

ಚಳ್ಳಕೆರೆ ಗಾಣ

ಮೇಷ್ಟ್ರೇ, ನಮ್ಮನೆಲಿ ಯುಪಿಎಸ್ ಇಲ್ಲ, ಇನ್ವರ್ಟರ್‌ಗೇ ಕಂಪ್ಯೂಟರ್ ಹಾಕಿದ್ದೀವಿ. ಕರೆಂಟ್ ಹೋದಾಗೆಲ್ಲ ಆಫ್ ಆಗುತ್ತೆ. ಅದೂ ಇದೇನಾ?

ಲ್ಯಾಬ್ ಮೇಷ್ಟ್ರು, ದಾವಣಗೆರೆ

ಇನ್ವರ್ಟರ್ ಮೇಲೆ ಇಲ್ಲವೇ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ, ನೋಡಿ. ಬೇರೆ ಮೋಡ್‌ನಲ್ಲಿದ್ದರೆ ಜಿಗಿಯೋದು ನಿಧಾನ. ಫ್ಯಾನು, ಲೈಟಿಗೆ ಗೊತ್ತಾಗಲ್ಲ, ಕಂಪ್ಯೂಟರ್ ತಾಳಲ್ಲ.

ಚಳ್ಳಕೆರೆ ಗಾಣ

ಸ್ವಿಚ್ ಇತ್ತು! ಹಾಕಿದೆ, ಮೇನ್ ಇಳಿಸಿ ನೋಡಿದೆ, ಆಫ್ ಆಗಲಿಲ್ಲ. ದೊಡ್ಡ ಉಪಕಾರ ಆಯ್ತು.

ಐದನೇ ಸೆಮ್, ದಾವಣಗೆರೆ

ಸಾಲ್ಡರ್ ಅಣ್ಣ, ಹೊಸ ಎಸ್‌ಎಂಪಿಎಸ್ ಯಾಕೆ? ಕೆಪಾಸಿಟರ್ ಐದು ಹತ್ತು ರೂಪಾಯಿ. ಬಿಚ್ಚಿ ಅದೊಂದೇ ಬದಲಾಯಿಸಿದ್ರೆ ಆಗಲ್ವಾ?

ಸಾಲ್ಡರಿಂಗ್ ಸ್ಟೇಷನ್, ದಾವಣಗೆರೆ

ಆಗ್ತತಿ, ನಾನು ಮಾಡ್ತೀನಿ. ಅದೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಇಲ್ಲಾ ಜಾಸ್ತಿ, 105 ಡಿಗ್ರಿಯದ್ದು, ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರೋ ಜಾತಿಯದ್ದು, ಪ್ಲಸ್ ಮೈನಸ್ ಉಲ್ಟಾ ಆಗದಂಗೆ. ಆದ್ರೆ ಅನುಭವ ಇಲ್ಲದೋರು ಆ ಡಬ್ಬಿ ಬಿಚ್ಚಲೇಬಾರದು. 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ 325 ವೋಲ್ಟ್ ಹತ್ರ ಬರ್ತತಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಾಗೆ ಅದು ಉಳಿದಿರ್ತತಿ. ನೀನು ಕಾಲೇಜು ಲ್ಯಾಬಿನಾಗೆ ಮೇಷ್ಟ್ರ ಮುಂದೆ ಕಲಿ, ಮನೆಯಾಗೆ ಒಬ್ಬನೇ ಬಿಚ್ಚಬ್ಯಾಡ.

ಮತ್ತೆ 2009ರ ಎಸ್‌ಎಂಪಿಎಸ್‌ನಾಗೆ ಒಂದು ಒಣಗಿದ್ರೆ ಉಳಿದವೂ ಸಾಲಿನಾಗೆ ನಿಂತಿರ್ತಾವೆ. ದಿನಾ ದುಡಿಯೋ ಅಂಗಡಿಗೆ ಹೊಸದೇ ವಾಸಿ. ಸ್ಟ್ಯಾಂಡ್‌ಬೈ ಭಾಗ ಪೂರ್ತಿ ಕೆಟ್ಟು 5ರ ಬದ್ಲು ಏಳೆಂಟು ವೋಲ್ಟ್ ಕೊಟ್ಟು ಬೋರ್ಡನ್ನೇ ಸುಟ್ಟಿದ್ದು ನಾನು ಕಂಡೀನಿ. ಆವಾಗ ರಿಪೇರಿಯವರು ಹೇಳಿದ "ಬೋರ್ಡ್ ಹೋಗೈತಿ" ನಿಜ ಆಗ್ತತಿ.

ದುರ್ಗದ ಕಲ್ಲು, ಚಿತ್ರದುರ್ಗ

ತಗೊಳ್ಳೋವಾಗ ಬರೀ "450 ವ್ಯಾಟ್" ಅನ್ನೋ ಸ್ಟಿಕರ್ ನೋಡಿ ಮೋಸ ಹೋಗಬೇಡ ಅಣ್ಣ. ಸ್ಟಿಕರ್ ಮೇಲೆ 12 ವೋಲ್ಟಿಗೆ ಎಷ್ಟು ಆಂಪ್ ಅಂತ ಬರೆದಿರುತ್ತೆ, ಅದನ್ನ 12ರಿಂದ ಗುಣಿಸು. 450 ಅಂತ ಬರೆದು 12 ವೋಲ್ಟಿಗೆ ಬರೀ 14 ಆಂಪ್ ಇದ್ರೆ ಅಲ್ಲಿಗೆ 168 ವ್ಯಾಟ್. ಉಳಿದದ್ದು ಕಾಗದದ ಮೇಲೆ. ಕೈಯಲ್ಲಿ ಹಿಡಿದು ತೂಕನೂ ನೋಡು. ನಿನ್ನ ಸಿಸ್ಟಮ್ ತಿನ್ನೋದೇನು ಜಾಸ್ತಿ ಇಲ್ಲ. ಕೋರ್ 2 ಡ್ಯುಯೊ 65 ವ್ಯಾಟಿಂದು, ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದ್ರೆ ಒಟ್ಟು 150 ದಾಟಲ್ಲ. ದೊಡ್ಡ ನಂಬರ್ ಬೇಡ, ಒಳ್ಳೇ ಕಂಪನಿದು, ಮೂರು ವರ್ಷ ವಾರಂಟಿ ಇರೋದು, ಬಿಲ್ ಸಮೇತ ತಗೊ. ಊರಲ್ಲಿ ಸಿಗದಿದ್ರೆ ಬೆಂಗಳೂರು ಎಸ್‌ಪಿ ರಸ್ತೆಯಿಂದ ತರಿಸು.

ಹಾಕೋವಾಗ 24 ಪಿನ್ ಅಲ್ಲದೆ ಸಿಪಿಯು ಪಕ್ಕದ 4 ಪಿನ್ ಕನೆಕ್ಟರ್ ಮರೀಬೇಡ. ಹಿಂದೆ ಕೆಂಪು ಸ್ವಿಚ್ ಇದ್ರೆ 230 ಕಡೆಗೇ ಇರಬೇಕು. 115ಕ್ಕೆ ಇಟ್ಟು ಆನ್ ಮಾಡಿದ್ರೆ ಢಂ ಅನ್ನುತ್ತೆ.

ಪತ್ರಿಕೆ ಪ್ರಿಂಟ್, ದಾವಣಗೆರೆ

ಎಲ್ಲರಿಗೂ ಕೈ ಮುಗಿದೆ. ಹೊಸ ಎಸ್‌ಎಂಪಿಎಸ್ ಕೂತಿತು. ಬೆಳಿಗ್ಗೆ ಮೇನ್ ಎತ್ತಿದ ತಕ್ಷಣ ನೇರಳೆ ವೈರಿನಾಗೆ 5.06. ಹಳದಿ 12.1. ಒತ್ತಿದ ತಕ್ಷಣ ಆನ್. ವಾರದಿಂದ ದಿನಾ ಹಿಂಗೇ. ಹಸಿರು ವೈರ್ ಎಳೆಸಿದೆ, ಕ್ಯಾಬಿನೆಟ್ ಜುಮ್ ಅನ್ನಲ್ಲ. ಪ್ರಿಂಟರ್ ಗೋಡೆಗೆ ಹೋತು. ನಿನ್ನೆ ಮಧ್ಯಾಹ್ನ ಕರೆಂಟ್ ಹೋದಾಗ ಪೇಜ್‌ಮೇಕರ್‌ನಾಗೆ ಒಂದು ಪತ್ರಿಕೆ ತೆರೆದಿತ್ತು, ಅಲುಗಾಡಲಿಲ್ಲ. ಕೂತು ಸೇವ್ ಮಾಡಿ ಶಟ್‌ಡೌನ್ ಮಾಡಿದೆ. ಯುಪಿಎಸ್ ಬ್ಯಾಟರಿ ಹಳೇದಾಗೈತಿ ಮೇಷ್ಟ್ರೇ, ಐದು ನಿಮಿಷಕ್ಕೇ ಕೂಗ್ತತಿ, ಮುಂದಿನ ತಿಂಗಳು ಹಾಕ್ಸ್ತೀನಿ.

ಒಂದೇ ಉಳಿದಿರೋದು. ದಿನಾ ಬೆಳಿಗ್ಗೆ ತಾರೀಖು 2009ಕ್ಕೆ ಹೋಗಿರ್ತತಿ, ಎಫ್1 ಒತ್ತು ಅಂತತಿ.

ಟ್ಯಾಲಿ ಅಕ್ಕ, ದಾವಣಗೆರೆ

ಬೋರ್ಡಿನ ಮೇಲಿನ ಬಟನ್ ಸೆಲ್ಲು. ಸಿಆರ್2032, 3 ವೋಲ್ಟಿಂದು, ವಾಚ್ ಅಂಗಡಿಯಾಗೂ ಸಿಗ್ತತಿ. ಮೇನ್ ಇಳಿಸೋರಿಗೆ ಅದು ಬೇಗ ಖಾಲಿ, ಯಾಕಂದ್ರೆ ರಾತ್ರಿ ಗಡಿಯಾರ ಓಡೋದು ಅದರಿಂದಲೇ. ಹಾಕಿದ ಮೇಲೆ ಬಯೋಸ್‌ನಾಗೆ (ವಿಂಡೋಸ್ ಬರೋಕೆ ಮುಂಚಿನ ಬೋರ್ಡಿನ ಸೆಟ್ಟಿಂಗ್) ತಾರೀಖು ಸರಿ ಮಾಡ್ರಿ. ತಾರೀಖು ತಪ್ಪಿದ್ರೆ ಫೈಲ್ ಹುಡುಕೋವಾಗ ಯಾವುದು ಹೊಸದು ಯಾವುದು ಹಳೇದು ಗೊತ್ತಾಗಲ್ಲ.

ಮಂಡಕ್ಕಿ ಭಟ್ಟಿ, ದಾವಣಗೆರೆ

ಇದೇ ಥ್ರೆಡ್‌ನಾಗೆ ನಂದೂ ಕೇಳಿಬಿಡ್ತೀನಿ. ಮಸಿ ತೆಗೆದ ಮೇಲೆ ಬಿಸಿ ಕಡಿಮಿ ಆಗೈತಿ. ಆದ್ರೆ ವಾರಕ್ಕೊಂದ್ಸಲ ಸುಮ್ನೆ ರೀಸ್ಟಾರ್ಟ್. ವಿಂಡೋಸ್ ತಪ್ಪುಗಳನ್ನ ಬರೆದಿಡೋ ಈವೆಂಟ್ ವ್ಯೂವರ್‌ನಾಗೆ ಕರ್ನಲ್ ಪವರ್ 41 ಅಂತ ತೋರಿಸ್ತತಿ. ನಂದೂ ಎಸ್‌ಎಂಪಿಎಸ್ ಬದಲಿಸ್ಲಾ?

ಸಾಲ್ಡರಿಂಗ್ ಸ್ಟೇಷನ್, ದಾವಣಗೆರೆ

ತಡಿ. 41 ಅಂದ್ರೆ "ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ" ಅಂತ ಅಷ್ಟೇ. ಕಾರಣ ಅದರಾಗೆ ಇರಲ್ಲ. ಸಿಸ್ಟಮ್ ಪ್ರಾಪರ್ಟೀಸ್ ಒಳಗೆ ಸ್ಟಾರ್ಟಪ್ ಅಂಡ್ ರಿಕವರಿಗೆ ಹೋಗಿ "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಟಿಕ್ ತೆಗಿ. ಮುಂದಿನ ಸಲ ನೀಲಿ ಪರದೆ ಬಂದು ನಿಂತ್ರೆ ರ‍್ಯಾಮು, ಡ್ರೈವರು, ಡಿಸ್ಕು ನೋಡಬೇಕು. ನೀಲಿ ಪರದೆ ಇಲ್ಲದೆ ಪಟ್ ಅಂತ ಹೋದ್ರೆ ಪವರ್ ಕಡೆ ಬಾ. ಅಷ್ಟರೊಳಗೆ ಸಿಪಿಯು ಸುತ್ತ ಇರೋ ಕೆಪಾಸಿಟರ್‌ಗಳ ತಲೆ ಚಪ್ಪಟೆ ಅದಾವೋ ಉಬ್ಬ್ಯಾವೋ ನೋಡಿ ಫೋಟೋ ಹಾಕು. 2000ದಿಂದ ಆಚೆ ಕೆಲವು ವರ್ಷ ಕೆಟ್ಟ ಕೆಪಾಸಿಟರ್ ಹಾಕಿದ ಬೋರ್ಡ್ ಲಕ್ಷಗಟ್ಟಲೆ ಬಂದಿದ್ವು, ತಲೆ ಉಬ್ಬಿ ಕಂದು ರಸ ಸೋರೋವು.

ಮಂಡಕ್ಕಿ ಭಟ್ಟಿ, ದಾವಣಗೆರೆ

ಟಿಕ್ ತೆಗ್ದೆ. ಕವರ್ ಬಿಚ್ಚಿದೀನಿ, ಸಿಪಿಯು ಪಕ್ಕ ಮೂರು ಉಬ್ಬ್ಯಾವೆ ಅನ್ನಿಸ್ತತಿ. ಬೆಳಕು ಸಾಲ್ತಿಲ್ಲ, ಬೆಳಿಗ್ಗೆ ಫೋಟೋ ಹಾಕ್ತೀನಿ.

ಸಾಲ್ಡರಿಂಗ್ ಸ್ಟೇಷನ್, ದಾವಣಗೆರೆ

ಉಬ್ಬಿದ್ರೆ ಅದನ್ನ ಆನ್ ಮಾಡೋಕೆ ಹೋಗಬ್ಯಾಡ. ಡಿಸ್ಕ್ ಬಿಚ್ಚಿ ಡೇಟಾ ತಗೊ, ಬೋರ್ಡ್ ನನ್ನ ಹತ್ರ ತಗೊಂಡು ಬಾ.